ಸಣ್ಣ ಕಾರಿಗೆ ಬೇರೆ ಗೇರ್ ನಾಬ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನೊಳಗೆ ಸ್ಟೀರಿಂಗ್ ಬಿಟ್ಟರೆ ಕೈ ಅತಿ ಹೆಚ್ಚು ಸಲ ಹೋಗುವ ಜಾಗ ಗೇರ್ ನಾಬ್, ಅಂದರೆ ಗೇರ್ ಲಿವರಿನ ತುದಿಯ ಹಿಡಿ. ಅದು ಸವೆದು ಹೊಳೆಯತೊಡಗಿದಾಗ, ಮೇಲಿನ ಅಂಕಿಗಳು ಅಳಿಸಿಹೋದಾಗ, ಅಥವಾ ಬೇರೆಯದೊಂದು ಸುಮ್ಮನೆ ಕಣ್ಣಿಗೆ ಬಿದ್ದಾಗ ಬದಲಿಸುವ ಆಸೆ ಹುಟ್ಟುತ್ತದೆ. ಕೆಲಸ ಅರ್ಧ ಗಂಟೆಯದು. ಆದರೆ ಎಡವಟ್ಟುಗಳೆಲ್ಲ ಕೆಲಸ ಶುರುವಾಗುವ ಮೊದಲೇ, ಕೊಳ್ಳುವಾಗಲೇ ಆಗಿಹೋಗಿರುತ್ತವೆ. ಜನ ನಾಬ್ ನೋಡಿ ಆರಿಸುತ್ತಾರೆ, ಅದು ಕೂರಬೇಕಾದ ರಾಡನ್ನು, ಅಂದರೆ ಲಿವರಿನ ಲೋಹದ ಕೋಲನ್ನು, ನೋಡುವುದೇ ಇಲ್ಲ. ಕೆಳಗಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ರಾಡಿನ ಕಡೆಗೇ ಹೊರಳಿದರೆ ಕಾರಣ ಅದು.

ನಾಬ್ ಬದಲಿಸಿದರೆ ಗೇರ್ ಹಾಕುವುದರಲ್ಲಿ ವ್ಯತ್ಯಾಸ ಆಗುತ್ತದೆಯೇ, ಇಲ್ಲ ಬರೀ ಚಂದಕ್ಕಾ?

ಆಗುತ್ತದೆ. ಗೇರ್‌ಬಾಕ್ಸ್ ಒಳಗಲ್ಲ, ನಿಮ್ಮ ಕೈಯಲ್ಲಿ. ನಾಬ್‌ನ ಭಾರ, ಎತ್ತರ, ಆಕಾರ ಮೂರೂ ಅಂಗೈಗೆ ತಿಳಿಯುತ್ತವೆ. ಭಾರದ ನಾಬ್ ಒಮ್ಮೆ ಹೊರಟರೆ ಆ ಓಟದಲ್ಲೇ ಲಿವರನ್ನು ಗೇರ್ ಬೀಳುವ ಜಾಗದವರೆಗೆ ಒಯ್ದುಬಿಡುತ್ತದೆ, ನಡುವೆ ಸಿಗುವ ಸಣ್ಣ ತಡೆ ಗೊತ್ತಾಗುವುದಿಲ್ಲ. ಗಿಡ್ಡ ನಾಬ್ ಆದರೆ ಕೈ ಓಡುವ ದೂರ ಕಡಿಮೆ. ಬರೀ ಚಂದಕ್ಕೆ ಬದಲಿಸಿದರೂ ತಪ್ಪೇನಿಲ್ಲ ಬಿಡಿ, ನಾನು ಮೊದಲ ಸಲ ಬದಲಿಸಿದ್ದು ಅದಕ್ಕೇ.

ಗೇರ್ ಬಿಗಿಯಾಗಿದೆ, ಕರಕರ ಅನ್ನುತ್ತದೆ. ಹೊಸ ನಾಬ್ ಹಾಕಿದರೆ ಸರಿಹೋಗುತ್ತದಾ?

ಇಲ್ಲ. ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ಆಮೇಲೆ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಅದನ್ನೇ ಮತ್ತೆ ಮಾಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅನುಮಾನಿಸಬೇಕು. ಓಡಿಸುವಾಗ ಒಂದೇ ಒಂದು ಗೇರ್ ಕರಕರ ಎಂದರೆ ಆ ಗೇರ್‌ನ ಸಿಂಕ್ರೋನೈಸರ್ (ಗೇರ್ ಬೀಳುವ ಮೊದಲು ತಿರುಗುವ ಭಾಗಗಳ ವೇಗ ಸಮ ಮಾಡುವ ಬಿಡಿಭಾಗ) ಸವೆದಿರಬಹುದು. ಲಿವರ್ ನ್ಯೂಟ್ರಲ್‌ನಲ್ಲಿ ಓಲಾಡುತ್ತಾ ಗೇರ್ ಎಲ್ಲಿದೆ ಎಂದು ಹುಡುಕುವಂತಾದರೆ ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಕೇಬಲ್ ತುದಿಯ ಬುಷ್‌ಗಳನ್ನು (ಕೀಲಿನೊಳಗಿನ ಸಣ್ಣ ಬಳೆಗಳನ್ನು) ನೋಡಿಸಿ. ಗೇರ್ ಆಯಿಲ್ ಹಳತಾಗಿದ್ದರೂ, ತಪ್ಪು ದರ್ಜೆಯದಾಗಿದ್ದರೂ ಗೇರ್ ಬಿಗಿಯಾಗುತ್ತದೆ. ಇವನ್ನೆಲ್ಲ ಬಿಟ್ಟು ಭಾರದ ನಾಬ್ ಹಾಕಿದರೆ ಕಾಯಿಲೆ ಮುಚ್ಚಿಹೋಗುತ್ತದೆ ಅಷ್ಟೇ. ಒಳಗೆ ಸವೆಯುವುದು ಸವೆಯುತ್ತಲೇ ಇರುತ್ತದೆ.

ನನ್ನ ಕಾರಿಗೆ ಎಂಥ ನಾಬ್ ಕೂರುತ್ತದೆ ಎಂದು ತಿಳಿಯುವುದು ಹೇಗೆ?

ಹಳೆಯ ನಾಬ್ ಬಿಚ್ಚಿ ನೋಡಿ. ಬೇರೆ ದಾರಿಯಿಲ್ಲ ಅಂತಲ್ಲ, ಇದರಷ್ಟು ನಂಬಿಕೆಯ ದಾರಿ ಇನ್ನೊಂದಿಲ್ಲ. ಬಿಚ್ಚಿದಾಗ ಕಾಣುವುದು ಸಾಮಾನ್ಯವಾಗಿ ಈ ಕೆಲವು ಬಗೆಗಳಲ್ಲಿ ಒಂದು.

ರಾಡಿನ ತುದಿಯಲ್ಲಿ ಥ್ರೆಡ್ (ಬೋಲ್ಟಿನ ಮೇಲಿರುವಂಥ ಸುರುಳಿ ಹಲ್ಲು) ಇದ್ದರೆ ನೀವು ಅದೃಷ್ಟವಂತರು, ಸರಿಯಾದ ಅಳತೆಯ ನಾಬ್ ತಂದು ತಿರುಗಿಸಿದರೆ ಮುಗಿಯಿತು. ಥ್ರೆಡ್ ಇಲ್ಲದೆ ರಾಡ್ ನುಣ್ಣಗಿದ್ದು ಒಂದೆರಡು ಕಡೆ ಕಚ್ಚು ಅಥವಾ ತೋಡು ಇದ್ದರೆ ಅದು ಒತ್ತಿ ಕೂರಿಸುವ ಬಗೆ, ಎಳೆದರೆ ಬರುತ್ತದೆ. ಮೂರನೆಯದು ಕ್ಲ್ಯಾಂಪ್ ಬಗೆ. ನಾಬ್, ಅದರ ಕೆಳಗಿನ ಚರ್ಮದ ಬೂಟ್ (ಲಿವರಿನ ಬುಡ ಮುಚ್ಚುವ ಚೀಲ) ಎರಡೂ ಒಂದೇ ತುಂಡಾಗಿ ಬರುತ್ತವೆ, ಬೂಟನ್ನು ಮೇಲಕ್ಕೆ ಮಗುಚಿದರೆ ಒಳಗೆ ಲೋಹದ ಪಟ್ಟಿಯೊಂದು ರಾಡನ್ನು ಹಿಡಿದುಕೊಂಡಿರುತ್ತದೆ. ಕೆಲವು ಕಾರುಗಳಲ್ಲಿ ನಾಬ್ ಅಂಟಿಸಿಯೇ ಇರುತ್ತಾರೆ. ಅಂಥದ್ದು ಸಿಕ್ಕರೆ ಜೋರು ಮಾಡುವ ಮೊದಲು ಇನ್ನೊಮ್ಮೆ ಯೋಚಿಸಿ, ಯಾಕೆಂದರೆ ಹಳೆಯದು ಮುರಿದೇ ಹೊರಬರುತ್ತದೆ, ಮತ್ತೆ ಹಾಕಲು ಆಗುವುದಿಲ್ಲ.

ಥ್ರೆಡ್ ಅಳತೆಯಲ್ಲಿ ಎಂ10×1.25 ಎಂದು ಬರೆದಿರುತ್ತಾರಲ್ಲ, ಅದರ ಅರ್ಥ?

ಎಂ ಎಂದರೆ ಮೆಟ್ರಿಕ್ ಥ್ರೆಡ್. 10 ಎಂದರೆ ಥ್ರೆಡ್‌ನ ಹೊರ ವ್ಯಾಸ 10 ಮಿಲಿಮೀಟರ್. 1.25 ಎಂದರೆ ಪಿಚ್, ಅಂದರೆ ಒಂದು ಹಲ್ಲಿನ ತುದಿಯಿಂದ ಮುಂದಿನ ಹಲ್ಲಿನ ತುದಿಗೆ ಇರುವ ದೂರ 1.25 ಮಿಲಿಮೀಟರ್. ಒಂದು ಪೂರ್ತಿ ಸುತ್ತು ತಿರುಗಿಸಿದರೆ ನಾಬ್ ಅಷ್ಟೇ ದೂರ ಕೆಳಗಿಳಿಯುತ್ತದೆ.

ಸಣ್ಣ ಕಾರುಗಳಲ್ಲಿ ಮೇಲಿಂದ ಮೇಲೆ ಸಿಗುವವು ಎಂ10×1.25, ಎಂ10×1.5, ಎಂ12×1.25. ಹೋಂಡಾ ಮ್ಯಾನುಯಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎಂ10×1.5, ಮಜ್ದಾದಲ್ಲಿ ಎಂ10×1.25, ಟೊಯೋಟಾದಲ್ಲಿ ಎಂ12×1.25. ಸಾಮಾನ್ಯವಾಗಿ ಎಂದೆ, ಗಮನಿಸಿ. ಒಂದೇ ಹೆಸರಿನ ಕಾರಿನಲ್ಲೂ ಮಾಡೆಲ್ ಬದಲಾದಾಗ ಥ್ರೆಡ್ ಬದಲಾಗಿರುವುದುಂಟು. ಪಟ್ಟಿ ನೋಡಿ ಊಹಿಸಿ, ರಾಡ್ ನೋಡಿ ನಿರ್ಧರಿಸಿ.

ಅದನ್ನು ಮನೆಯಲ್ಲೇ ಅಳೆಯಬಹುದೇ?

ಖಂಡಿತ. ವರ್ನಿಯರ್ ಕ್ಯಾಲಿಪರ್ ಇದ್ದರೆ ಮೊದಲು ರಾಡಿನ ಹೊರ ವ್ಯಾಸ ನೋಡಿ. ಎಂ10 ರಾಡ್ ನಿಖರವಾಗಿ 10 ತೋರಿಸುವುದಿಲ್ಲ, 9.8 ಆಸುಪಾಸು ಬರುತ್ತದೆ. ಎಂ12 ಆದರೆ 11.8 ಆಸುಪಾಸು. ಹೊರಥ್ರೆಡ್ ಯಾವಾಗಲೂ ಹೆಸರಿನ ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಇಲ್ಲದಿದ್ದರೆ ನಟ್ ಒಳಗೆ ಹೋಗುವುದೇ ಇಲ್ಲ. 9.8 ನೋಡಿ ಇದ್ಯಾವುದೋ ವಿಚಿತ್ರ ಅಳತೆ ಎಂದು ಗಾಬರಿಯಾಗಬೇಡಿ.

ಪಿಚ್‌ಗೆ ಒಂದು ಬಿಳಿ ಕಾಗದ, ಒಂದು ಸ್ಕೇಲ್ ಸಾಕು. ಕಾಗದದ ಪಟ್ಟಿಯನ್ನು ಥ್ರೆಡ್ ಮೇಲೆ ಉದ್ದಕ್ಕೆ ಇಟ್ಟು ಹೆಬ್ಬೆರಳ ಉಗುರಿನಿಂದ ಒತ್ತಿ ಉಜ್ಜಿ. ಹಲ್ಲುಗಳ ಗುರುತು ಸಾಲಾಗಿ ಮೂಡುತ್ತದೆ, ರಾಡಿನ ಮೇಲೆ ಜಿಡ್ಡಿದ್ದರೆ ಇನ್ನೂ ಚೆನ್ನಾಗಿ ಮೂಡುತ್ತದೆ. ಒಂದು ಗೆರೆಯನ್ನು ಸೊನ್ನೆ ಎಂದು ಹಿಡಿದು ಅಲ್ಲಿಂದ ಎಂಟನೆಯ ಗೆರೆಯವರೆಗೆ ಅಳೆಯಿರಿ. ಎಂಟು ಸಂದುಗಳಿಗೆ 10 ಮಿಲಿಮೀಟರ್ ಬಂದರೆ ಪಿಚ್ 1.25. 12 ಬಂದರೆ 1.5. ಎರಡು ಮಿಲಿಮೀಟರ್ ವ್ಯತ್ಯಾಸವನ್ನು ಶಾಲೆಯ ಸ್ಕೇಲಿನಲ್ಲೂ ನೋಡಬಹುದು. ಒಂದೇ ಸಂದನ್ನು ಅಳೆಯಲು ಹೋದವರೇ ಯಾವಾಗಲೂ ತಪ್ಪುವುದು: ಕಾಲು ಮಿಲಿಮೀಟರ್ ಯಾರ ಕಣ್ಣಿಗೂ ಹಿಡಿಯುವುದಿಲ್ಲ.

ಇನ್ನೂ ಸುಲಭದ ದಾರಿ ನಟ್ ಹಾಕಿ ನೋಡುವುದು. ಎಂ10ರಲ್ಲಿ 1.25ರದೊಂದು, 1.5ರದೊಂದು, ಎಂ12ರಲ್ಲಿ 1.25ರದೊಂದು ನಟ್ ಇಟ್ಟುಕೊಂಡರೆ ಬಹುಪಾಲು ಕಾರುಗಳಿಗೆ ಸಾಕು. ಕೈಬೆರಳಲ್ಲೇ ಕೊನೆಯವರೆಗೂ ಇಳಿದದ್ದು ಸರಿಯಾದದ್ದು. ಎರಡು ಮೂರು ಸುತ್ತು ಹೋಗಿ ಕಚ್ಚಿಕೊಂಡರೆ ಪಿಚ್ ತಪ್ಪು, ಅಲ್ಲಿಗೇ ನಿಲ್ಲಿಸಿ.

ಎಂ12×1.25 ನಟ್ ಕೈಗೆ ಸಿಗದಿದ್ದರೆ ಒಂದು ಉಪಾಯ ಇದೆ. ಸುಜುಕಿ, ನಿಸ್ಸಾನ್, ಸುಬಾರು ಕಾರುಗಳ ವೀಲ್ ನಟ್ ಅದೇ ಅಳತೆಯದು. ಒಂದು ಬಿಡಿ ವೀಲ್ ನಟ್ ತಂದು ಗೇರ್ ರಾಡಿಗೆ ತಿರುಗಿಸಿ ನೋಡಬಹುದು. ಟೊಯೋಟಾದವರು ಮಾತ್ರ ತಮ್ಮದೇ ವೀಲ್ ನಟ್ ತಂದು ಮೋಸಹೋಗಬೇಡಿ. ಅದರ ವೀಲ್ ನಟ್ ಎಂ12×1.5, ಗೇರ್ ರಾಡ್ 1.25.

ಪಿಚ್ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಬಲ ಹಾಕಿ ತಿರುಗಿಸಿ ಕೂರಿಸಬಹುದಾ?

ಬೇಡ. ಅಲ್ಯೂಮಿನಿಯಂ ನಾಬ್ ಆದರೆ ಅದರ ಮೆತ್ತಗಿನ ಥ್ರೆಡ್ಡನ್ನು ಉಕ್ಕಿನ ರಾಡ್ ತಿಂದುಹಾಕುತ್ತದೆ. ಉಕ್ಕಿನ ನಾಬ್ ಆದರೆ ರಾಡಿನ ಥ್ರೆಡ್ ಹಾಳಾಗುತ್ತದೆ. ನಾಬ್ ಹೋದರೆ ನಾಬ್ ಒಂದೇ ಹೋಯಿತು, ರಾಡ್ ಹೋದರೆ ಇಡೀ ಲಿವರ್ ಬದಲಿಸುವ ಕೆಲಸ.

ಹಳೆಯ ನಾಬ್ ಎಷ್ಟು ತಿರುಗಿಸಿದರೂ ಅಲುಗುತ್ತಿಲ್ಲ.

ಮೊದಲು ಅದು ನಿಜವಾಗಿಯೂ ತಿರುಗಿಸುವ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ. ಒತ್ತಿ ಕೂರಿಸಿದ ನಾಬನ್ನು ಒಂದು ಗಂಟೆ ತಿರುಗಿಸಿ ಬೆವರಿದವರಿದ್ದಾರೆ. ಬೂಟ್ ಮಗುಚಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, ಸಣ್ಣ ಸ್ಕ್ರೂ, ಪಿನ್ ಅಥವಾ ಕ್ಲಿಪ್ ಇದೆಯೇ ಎಂದು.

ತಿರುಗಿಸುವ ಬಗೆಯೇ ಆಗಿದ್ದರೆ ಬಿಸಿ ಮಾಡಿ. ಹೇರ್ ಡ್ರೈಯರನ್ನು ನಾಬ್‌ನ ಬುಡಕ್ಕೆ ಹಿಡಿದು ಕೆಲವು ನಿಮಿಷ ಬಿಸಿಗಾಳಿ ಕೊಟ್ಟರೆ ಒಳಗಿನ ಅಂಟು ಸಡಿಲವಾಗುತ್ತದೆ. ಹೀಟ್ ಗನ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ, ಚರ್ಮ ಮುರುಟುತ್ತದೆ. ಆಮೇಲೆ ರಬ್ಬರ್ ಕೈಗವಸು ಹಾಕಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಒಂದು ಎಚ್ಚರಿಕೆ: ನಾಬ್ ತಿರುಗದೆ ಕೆಳಗಿನ ಲಿವರೇ ತಿರುಚಿಕೊಳ್ಳುತ್ತಿದ್ದರೆ ಆ ಬಲವೆಲ್ಲ ಬುಡದ ಪ್ಲಾಸ್ಟಿಕ್ ಕೀಲಿಗೆ ಹೋಗುತ್ತಿದೆ ಎಂದರ್ಥ. ರಾಡಿಗೆ ದಪ್ಪ ಬಟ್ಟೆ ಸುತ್ತಿ ಇಕ್ಕಳದಿಂದ ಇನ್ನೊಬ್ಬರು ಹಿಡಿದುಕೊಳ್ಳಲಿ, ನೀವು ನಾಬ್ ಮಾತ್ರ ತಿರುಗಿಸಿ. ಬಟ್ಟೆ ರಾಡಿನ ನುಣುಪು ಭಾಗಕ್ಕೇ ಸುತ್ತಿ, ಥ್ರೆಡ್ ಮೇಲೆ ಇಕ್ಕಳ ತಾಗಬಾರದು.

ಎಳೆದು ತೆಗೆಯುವ ನಾಬ್ ಹೇಗೆ ತೆಗೆಯಬೇಕು?

ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ, ಸಣ್ಣ ಸಣ್ಣ ಜಗ್ಗು. ಮುಖವನ್ನು ನಾಬ್‌ನ ನೇರಕ್ಕೆ ತರಬೇಡಿ. ಅದು ಬಾರದು ಬಾರದು ಎಂದು ಸತಾಯಿಸಿ ಇದ್ದಕ್ಕಿದ್ದಂತೆ ಕಿತ್ತು ಬರುತ್ತದೆ. ನನ್ನ ಕೆಳದುಟಿಯ ಒಳಗೆ ಎರಡು ದಿನ ಗಾಯವಿತ್ತು. ಮನೆಯವರಿಗೆ ಕಾರಣ ಹೇಳುವುದು ಗಾಯಕ್ಕಿಂತ ಕಷ್ಟವಾಯಿತು.

ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಯೂನಿವರ್ಸಲ್ ನಾಬ್ ತೆಗೆದುಕೊಳ್ಳಬಹುದಾ?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ನನ್ನ ಉತ್ತರ: ರಾಡಿನಲ್ಲಿ ಥ್ರೆಡ್ ಇದ್ದರೆ ಬೇಡವೇ ಬೇಡ. ಥ್ರೆಡ್ ಇಲ್ಲದವರಿಗೆ ಬೇರೆ ದಾರಿಯಿಲ್ಲದಿದ್ದರೆ ಮಾತ್ರ, ಅದೂ ಎಚ್ಚರದಿಂದ.

ಈ ನಾಬ್‌ನ ಹೊಟ್ಟೆಯೊಳಗೆ ದೊಡ್ಡದೊಂದು ತೂತು ಇರುತ್ತದೆ. ಜೊತೆಗೆ ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ಅಥವಾ ರಬ್ಬರ್ ತೋಳುಗಳು (ರಾಡಿಗೆ ತೊಡಿಸುವ ಕೊಳವೆಗಳು), ಪಕ್ಕದಿಂದ ಬಿಗಿಯಲು ಮೂರು ಗ್ರಬ್ ಸ್ಕ್ರೂಗಳು, ಅಂದರೆ ತಲೆಯಿಲ್ಲದ ಸ್ಕ್ರೂಗಳು. ರಾಡಿಗೆ ತೋಳು ತೊಡಿಸಿ, ಮೇಲೆ ನಾಬ್ ಇಟ್ಟು, ಅಲೆನ್ ಕೀಯಿಂದ ಮೂರೂ ಕಡೆ ಬಿಗಿಯಬೇಕು. ಹಾಕಿದ ದಿನ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ತೊಂದರೆ ಇರುವುದು ಆ ತೋಳಿನಲ್ಲಿ. ಸ್ಕ್ರೂಗಳ ತುದಿ ಒತ್ತುತ್ತಿರುವುದು ಉಕ್ಕನ್ನಲ್ಲ, ಪ್ಲಾಸ್ಟಿಕ್ಕನ್ನು. ಪ್ಲಾಸ್ಟಿಕ್ ಒತ್ತಡದಡಿ ನಿಧಾನವಾಗಿ ಜಾರುತ್ತಾ ತೆಳುವಾಗುತ್ತದೆ, ಬಿಸಿಲಿಗೆ ನಿಂತ ಕಾರಿನೊಳಗೆ ಇನ್ನೂ ಬೇಗ. ಸ್ಕ್ರೂ ಇದ್ದಲ್ಲೇ ಇರುತ್ತದೆ, ಅದು ಒತ್ತಬೇಕಾದದ್ದು ಹಿಂದೆ ಸರಿದಿರುತ್ತದೆ.

ನನಗೆ ಅದು ಪಾಠವಾದದ್ದು ಒಂದು ಇಳಿಜಾರಿನ ತಿರುವಿನಲ್ಲಿ. ಮೂರರಿಂದ ಎರಡಕ್ಕೆ ಎಳೆದೆ. ಕೈ ಹಿಂದೆ ಬಂತು, ನಾಬ್ ಕೈಯಲ್ಲೇ ಬಂತು, ಲಿವರ್ ಮಾತ್ರ ನ್ಯೂಟ್ರಲ್‌ನಲ್ಲಿ ನಿಂತಿತ್ತು. ಎಂಜಿನ್ ಬ್ರೇಕಿಂಗ್ ಇಲ್ಲದೆ ಕಾರು ಹಗುರಾಗಿ ಮುಂದಕ್ಕೆ ಜಾರುವಾಗ ಹೊಟ್ಟೆಯೊಳಗೆ ಆಗುವ ಒಂದು ಖಾಲಿತನ ಇದೆಯಲ್ಲ, ಅದು ಮರೆಯುವಂಥದ್ದಲ್ಲ. ಬ್ರೇಕ್ ಇತ್ತು, ರಸ್ತೆ ಖಾಲಿ ಇತ್ತು, ಏನೂ ಆಗಲಿಲ್ಲ. ಮನೆಗೆ ಬಂದು ತೋಳು ತೆಗೆದು ನೋಡಿದರೆ ಮೂರು ಕಡೆ ಸ್ಕ್ರೂ ತುದಿಯಷ್ಟೇ ಗುಂಡನೆಯ ಗುಳಿ ಬಿದ್ದಿತ್ತು.

ಹಾಕಲೇಬೇಕಾದರೆ ಲೋಹದ ತೋಳು ಇರುವುದನ್ನು ಆರಿಸಿ. ಮೂರೂ ಸ್ಕ್ರೂಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯಿರಿ, ಆಗ ನಾಬ್ ನಡುವಿಗೆ ಕೂರುತ್ತದೆ. ಅಲೆನ್ ಕೀ ಅಳತೆ ಸರಿಯಿರಲಿ: ಎಂ4 ಗ್ರಬ್ ಸ್ಕ್ರೂಗೆ 2 ಮಿಲಿಮೀಟರ್, ಎಂ5ಕ್ಕೆ 2.5. ಸಡಿಲ ಕೀ ಹಾಕಿದರೆ ಆರು ಮೂಲೆಯ ಕುಳಿ ಗುಂಡಗಾಗಿ, ಮುಂದೆ ಬಿಚ್ಚಲು ಡ್ರಿಲ್ ಬೇಕಾಗುತ್ತದೆ. ವಾರಕ್ಕೊಮ್ಮೆ ನಾಬ್ ಅಲುಗಾಡಿಸಿ ನೋಡಿ.

ಎಂ12 ನಾಬ್ ಇಷ್ಟವಾಗಿದೆ, ನನ್ನ ರಾಡ್ ಎಂ10. ಅಡಾಪ್ಟರ್ ಹಾಕಬಹುದಾ?

ಲೋಹದ ಥ್ರೆಡ್ ಅಡಾಪ್ಟರ್ ಆದರೆ ಧಾರಾಳವಾಗಿ. ಒಳಗೆ ಎಂ10, ಹೊರಗೆ ಎಂ12 ಥ್ರೆಡ್ ಇರುವ ಬುಷ್ ಅದು. ಒಳ್ಳೆಯ ನಾಬ್ ತಯಾರಕರು ಜೊತೆಯಲ್ಲೇ ಎರಡು ಮೂರು ಕೊಡುತ್ತಾರೆ. ಯೂನಿವರ್ಸಲ್ ತೋಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ಥ್ರೆಡ್ ಥ್ರೆಡ್ಡನ್ನು ಹಿಡಿಯುತ್ತದೆ.

ರಿವರ್ಸ್‌ಗೆ ರಿಂಗ್ ಎತ್ತಬೇಕಾದ ಕಾರು ನನ್ನದು. ಏನು ಮಾಡಲಿ?

ಇಲ್ಲಿ ತಲೆ ಓಡಿಸಬೇಕು. ರಿವರ್ಸ್ ತಪ್ಪಿ ಬೀಳದಂತೆ ತಡೆಯಲು ಕಾರುಗಳಲ್ಲಿ ಕೆಲವು ಏರ್ಪಾಡುಗಳಿವೆ. ಕೆಲವದರಲ್ಲಿ ಲಿವರನ್ನೇ ಕೆಳಗೆ ಒತ್ತಿ ಪಕ್ಕಕ್ಕೆ ತಳ್ಳಬೇಕು. ಇವಕ್ಕೆ ಯಾವ ನಾಬ್ ಹಾಕಿದರೂ ನಡೆಯುತ್ತದೆ, ತಡೆ ಇರುವುದು ಕೆಳಗೆ ಬುಡದಲ್ಲಿ. ಕೆಲವದರಲ್ಲಿ ತಡೆ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಅವಕ್ಕೂ ಚಿಂತೆಯಿಲ್ಲ.

ರಿಂಗ್ ಬಗೆಯದರಲ್ಲಿ ನಾಬ್‌ನ ಕೆಳಗೆ ಬೆರಳಿಂದ ಎತ್ತುವ ಬಳೆ ಇರುತ್ತದೆ. ಅದು ರಾಡಿನ ಹೊರಗೆ ತೊಡಿಸಿದ ಕೊಳವೆಯನ್ನೋ, ತೆಳುವಾದ ಒಂದು ತಂತಿಯನ್ನೋ ಮೇಲಕ್ಕೆಳೆದು ತಡೆ ತೆಗೆಯುತ್ತದೆ. ನಾಬ್ ಬಿಚ್ಚಿದ ಮೇಲೆ ರಿಂಗ್ ಪ್ರತ್ಯೇಕವಾಗಿ ರಾಡಿನಲ್ಲೇ ಉಳಿಯುತ್ತದೆಯೇ, ಇಲ್ಲ ನಾಬ್ ಜೊತೆ ಹೊರಬರುತ್ತದೆಯೇ ನೋಡಿ. ಉಳಿದರೆ ಹೊಸ ನಾಬ್ ಕೆಳಗೆ ಅದು ಮೇಲೇಳಲು ಬೇಕಾದಷ್ಟು ಜಾಗ ಬಿಡಬೇಕು. ರಿಂಗ್ ಎಷ್ಟು ಮೇಲೆ ಏಳುತ್ತದೆ ಎಂದು ಬಿಚ್ಚುವ ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ನಾಬ್ ಜೊತೆ ಹೊರಬಂದರೆ ಆ ಕಾರಿಗೆಂದೇ ಮಾಡಿದ ನಾಬ್ ಹುಡುಕಿ, ಇಲ್ಲವಾದರೆ ಆಸೆ ಬಿಡಿ. ತಡೆಯನ್ನೇ ಶಾಶ್ವತವಾಗಿ ಎತ್ತಿ ಕಟ್ಟಿಬಿಡುವ ಉಪಾಯ ಹೇಳುವವರು ಸಿಗುತ್ತಾರೆ, ಕೇಳಬೇಡಿ. ಓಡುವಾಗ ಒಂದು ಅಥವಾ ಆರನೇ ಗೇರ್ ಹುಡುಕುವ ಕೈ ರಿವರ್ಸ್ ಬಾಗಿಲು ತಟ್ಟಬಾರದು.

ಆಟೋಮ್ಯಾಟಿಕ್ ಕಾರಿಗೆ?

ನಾಬ್‌ನಲ್ಲಿ ಒತ್ತುವ ಬಟನ್ ಇದ್ದರೆ ಆ ಕಾರಿನದೇ ನಾಬ್ ಬಿಟ್ಟು ಬೇರೆ ಹಾಕಬೇಡಿ. ಆ ಬಟನ್ ಒಳಗಿನ ಕಡ್ಡಿಯನ್ನು ಒತ್ತಿದಾಗಲೇ ಪಾರ್ಕ್‌ನಿಂದ ಲಿವರ್ ಹೊರಬರುವುದು. ಈ ಪುಟದ ಉಳಿದದ್ದೆಲ್ಲ ಮ್ಯಾನುಯಲ್ ಕಾರುಗಳಿಗೆ.

ಸರಿ, ಥ್ರೆಡ್ ಅಳೆದಾಯಿತು, ನಾಬ್ ಬಂತು. ಹಾಕುವ ಕ್ರಮ ಹೇಳಿ.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಕೆಲಸದ ನಡುವೆ ಲಿವರ್ ನ್ಯೂಟ್ರಲ್‌ಗೆ ಬರುತ್ತದೆ, ಆಗ ಕಾರನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಮತ್ತು ಆ ಅಡ್ಡ ಮಾತ್ರ.

ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತು ಎಂದು ಎಣಿಸಿ. ರಾಡಿನ ಥ್ರೆಡ್ ಮೇಲಿನ ಹಳೆಯ ಅಂಟು, ಜಿಡ್ಡು ಎಲ್ಲವನ್ನೂ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಒರೆಸಿ. ಲಾಕ್ ನಟ್ (ನಾಬನ್ನು ಕೆಳಗಿನಿಂದ ಒತ್ತಿ ಹಿಡಿಯುವ ನಟ್) ಇದ್ದರೆ ಮೊದಲು ಅದನ್ನು ಥ್ರೆಡ್‌ನ ಕೆಳತುದಿಯವರೆಗೆ ಇಳಿಸಿ. ಆಮೇಲೆ ನಾಬ್ ಇಟ್ಟು ಮೊದಲು ವಿರುದ್ಧ ದಿಕ್ಕಿಗೆ ಒಂದು ಸುತ್ತು ತಿರುಗಿಸಿ. ಟಿಕ್ ಎಂದು ಒಂದು ಸಣ್ಣ ಇಳಿತ ಬೆರಳಿಗೆ ತಿಳಿಯುತ್ತದೆ, ಅದು ಥ್ರೆಡ್ ಥ್ರೆಡ್ಡಿಗೆ ಕೂತ ಜಾಗ. ಅಲ್ಲಿಂದ ಸರಿದಿಕ್ಕಿಗೆ ತಿರುಗಿಸಿದರೆ ಕ್ರಾಸ್ ಥ್ರೆಡ್ ಆಗುವ, ಅಂದರೆ ಹಲ್ಲುಗಳು ಓರೆಯಾಗಿ ಕಚ್ಚಿಕೊಳ್ಳುವ, ಭಯವಿಲ್ಲ.

ಎಷ್ಟು ಒಳಗೆ ಹೋಗಬೇಕು? ಉಕ್ಕಿನ ಥ್ರೆಡ್ ಆದರೆ ಕನಿಷ್ಠ ರಾಡಿನ ವ್ಯಾಸದಷ್ಟು. ಎಂ10×1.25ಕ್ಕೆ ಅಂದರೆ 10 ಮಿಲಿಮೀಟರ್, ಎಂಟು ಸುತ್ತು. ಅಲ್ಯೂಮಿನಿಯಂ ಆದರೆ ಅದರ ಒಂದೂವರೆ ಪಟ್ಟು, ಹನ್ನೆರಡು ಸುತ್ತು. ಮೂರು ನಾಲ್ಕು ಸುತ್ತಿಗೇ ತಳ ಮುಟ್ಟಿದರೆ ಆ ನಾಬ್ ಹಿಂದಿರುಗಿಸಿ.

ಕೊನೆಗೆ ಎಲ್ಲ ಗೇರ್‌ಗಳನ್ನೂ, ರಿವರ್ಸ್ ಸೇರಿಸಿ, ನಿಂತಲ್ಲೇ ಹಾಕಿ ನೋಡಿ. ಒಂದು, ಮೂರು, ಐದರಲ್ಲಿ ಬೆರಳ ಗೆಣ್ಣು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ? ಸಣ್ಣ ಕಾರಿನಲ್ಲಿ ಈ ಜಾಗ ಮೊದಲೇ ಕಡಿಮೆ, ದಪ್ಪ ನಾಬ್ ಹಾಕಿದ ಮೇಲೆ ಎಸಿ ಸ್ವಿಚ್‌ಗೆ ಗೆಣ್ಣು ಬಡಿಯುವುದು ಹೊಸದೇನಲ್ಲ.

ನಾಬ್ ಪೂರ್ತಿ ಬಿಗಿದ ಮೇಲೆ ಗೇರ್ ಅಂಕಿಗಳು ಓರೆಯಾಗಿ ನಿಲ್ಲುತ್ತವೆ.

ಅದಕ್ಕೇ ಲಾಕ್ ನಟ್. ನಾಬನ್ನು ತಳ ಮುಟ್ಟುವವರೆಗೆ ಬಿಗಿಯದೆ ಅಂಕಿಗಳು ನೇರ ನಿಲ್ಲುವ ಜಾಗದಲ್ಲಿ ಬಿಟ್ಟು, ಕೆಳಗಿನಿಂದ ನಟ್ಟನ್ನು ಮೇಲಕ್ಕೆ ತಂದು ನಾಬ್‌ನ ಬುಡಕ್ಕೆ ಒತ್ತಿ ಸ್ಪ್ಯಾನರ್‌ನಿಂದ ಬಿಗಿಯಿರಿ. ನಾಬನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ನಟ್ ಜೊತೆ ಅದೂ ತಿರುಗುತ್ತದೆ. ಕೊನೆಯ ಬಿಗಿತದಲ್ಲಿ ನಾಬ್ ಒಂದೆರಡು ಡಿಗ್ರಿ ಸರಿಯುತ್ತದೆ, ಅಷ್ಟನ್ನು ಮುಂಚೆಯೇ ಹಿಂದಕ್ಕೆ ಬಿಟ್ಟಿರಿ. ಎರಡು ಮೂರು ಪ್ರಯತ್ನ ಬೇಕಾಗುತ್ತದೆ, ಯಾರಿಗೂ ಒಂದೇ ಸಲಕ್ಕೆ ನೇರವಾಗಿ ನಿಲ್ಲುವುದಿಲ್ಲ.

ಥ್ರೆಡ್ ಲಾಕರ್ ಅಂಟು ಹಾಕಬೇಕಾ?

ಲಾಕ್ ನಟ್ ಇದ್ದರೆ ಬೇಕಿಲ್ಲ. ಇಲ್ಲದಿದ್ದರೆ ನೀಲಿ ಬಣ್ಣದ ಮಧ್ಯಮ ದರ್ಜೆಯದು ಒಂದೇ ಹನಿ. ಕೆಂಪು ಬೇಡ, ಅದನ್ನು ಬಿಡಿಸಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಬೇಕು, ಅಷ್ಟರಲ್ಲಿ ಬೂಟ್ ಸುಟ್ಟಿರುತ್ತದೆ. ಈ ಅಂಟು ಗಟ್ಟಿಯಾಗುವುದು ಗಾಳಿ ಸಿಗದ, ಲೋಹ ತಾಗಿದ ಕಡೆ. ಹಾಗಾಗಿ ಒಳಥ್ರೆಡ್ ಪ್ಲಾಸ್ಟಿಕ್ಕಿನದಾಗಿರುವ ನಾಬ್‌ಗೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ, ಕೆಲವು ಪ್ಲಾಸ್ಟಿಕ್‌ಗಳು ಅದು ತಾಗಿ ಸೀಳು ಬಿಡುತ್ತವೆ. ಅಂಥ ಕಡೆ ನಲ್ಲಿ ಕೆಲಸಕ್ಕೆ ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ರಾಡಿಗೆ ಎರಡು ಮೂರು ಸುತ್ತು ಸುತ್ತಿ. ಸುತ್ತುವ ದಿಕ್ಕು ನಾಬ್ ಬಿಗಿಯುವ ದಿಕ್ಕೇ ಆಗಿರಲಿ. ಅಂಟು ಹಾಕಿದ ಮೇಲೆ ಒಂದು ದಿನ ಬಿಡಿ.

ಬೂಟ್ ಈಗ ಮೇಲೆ ನಿಲ್ಲುತ್ತಿಲ್ಲ, ಜೋತುಬಿದ್ದಿದೆ.

ಹಳೆಯ ನಾಬ್‌ನ ಬುಡದಲ್ಲಿ ಬೂಟನ್ನು ಹಿಡಿಯುವ ತೋಡು ಇತ್ತು, ಹೊಸದರಲ್ಲಿ ಇಲ್ಲ. ಹೊಸ ನಾಬ್ ಬಿಚ್ಚಿ. ಬೂಟನ್ನು ಒಳಹೊರಗು ಮಾಡಿ, ತಲೆಕೆಳಗಾಗಿ, ಅದರ ಕಿರಿದಾದ ಬಾಯನ್ನು ರಾಡಿನ ಮೇಲ್ತುದಿಗೆ ತನ್ನಿ. ಅಲ್ಲಿ ಒಂದು ಕೇಬಲ್ ಟೈ ಬಿಗಿದು ಬಾಲ ಕತ್ತರಿಸಿ. ಈಗ ಬೂಟನ್ನು ಕೆಳಕ್ಕೆ ಎಳೆದು ಸರಿಮಗ್ಗುಲಿಗೆ ಮಗುಚಿದರೆ ಟೈ ಒಳಗೆ ಅಡಗುತ್ತದೆ, ಹೊರಗೆ ಅಚ್ಚುಕಟ್ಟಾದ ಮಡಿಕೆ ಮಾತ್ರ ಕಾಣುತ್ತದೆ. ಐದನೇ ಗೇರ್ ಮತ್ತು ರಿವರ್ಸ್ ಹಾಕಿದಾಗ ಬೂಟ್ ಬಿಗಿದು ಲಿವರನ್ನು ಹಿಂದಕ್ಕೆಳೆಯದಂತೆ ಸ್ವಲ್ಪ ಸಡಿಲ ಬಿಟ್ಟಿರಿ. ಬೂಟ್ ಎಳೆತಕ್ಕೇ ಗೇರ್ ಜಾರಿ ಬರುವುದುಂಟು.

ಎಷ್ಟು ಭಾರದ ನಾಬ್ ಒಳ್ಳೆಯದು?

ಭಾರ ಎಂದರೆ ಎಷ್ಟು ಎಂದು ಮೊದಲು ಅಂದಾಜು ಮಾಡೋಣ. 50 ಮಿಲಿಮೀಟರ್ ವ್ಯಾಸದ ಗಟ್ಟಿ ಗುಂಡು ನಾಬ್‌ನ ಗಾತ್ರ ಸುಮಾರು 65 ಘನ ಸೆಂಟಿಮೀಟರ್. ಅದನ್ನು ಅಸಿಟಾಲ್ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ 90 ಗ್ರಾಂ ಚಿಲ್ಲರೆ, ಅಲ್ಯೂಮಿನಿಯಂನಲ್ಲಿ 175 ಗ್ರಾಂ ಸುಮಾರು, ಟೈಟಾನಿಯಂನಲ್ಲಿ 295, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅರ್ಧ ಕಿಲೋ. ನಡುವಿನ ತೂತು ಕಳೆದರೆ ಇನ್ನು ಸ್ವಲ್ಪ ಕಮ್ಮಿ.

ನನ್ನ ಕೈಗೆ ಸಣ್ಣ ಕಾರಿನಲ್ಲಿ 200ರಿಂದ 300 ಗ್ರಾಂ ಹಿತ. ಅರ್ಧ ಕಿಲೋ ಹಾಕಿ ನೋಡಿದ್ದೇನೆ. ನಿಧಾನವಾಗಿ ಗೇರ್ ಹಾಕುವಾಗ ಸೊಗಸು, ಅವಸರದಲ್ಲಿ ಹಾಕುವಾಗ ಆ ಭಾರವನ್ನು ನಿಲ್ಲಿಸುವುದೇ ಒಂದು ಕೆಲಸ. ಕೇಬಲ್ ಗೇರ್ ಇರುವ ಕಾರುಗಳಲ್ಲಿ ಇನ್ನೊಂದು ಸಂಗತಿ ಇದೆ. ಅವುಗಳಲ್ಲಿ ಬಹಳಷ್ಟರಲ್ಲಿ ಗೇರ್‌ಬಾಕ್ಸ್ ಮೇಲಿನ ತೋಳಿಗೆ ತಯಾರಕರೇ ಒಂದು ಲೋಹದ ಗುಂಡು ಕಟ್ಟಿರುತ್ತಾರೆ, ಬಾನೆಟ್ ಎತ್ತಿದರೆ ಕಾಣುತ್ತದೆ. ಅದರ ಕೆಲಸವೂ ಇದೇ. ಅಂಥ ಕಾರಿನಲ್ಲಿ ನಾಬ್‌ನ ಭಾರದಿಂದ ಹೆಚ್ಚು ವ್ಯತ್ಯಾಸ ನಿರೀಕ್ಷಿಸಬೇಡಿ.

ಗಿಡ್ಡ ನಾಬ್ ಹಾಕಿದರೆ ಶಾರ್ಟ್ ಶಿಫ್ಟರ್ (ಲಿವರ್ ಓಡುವ ದೂರ ಕಡಿಮೆ ಮಾಡುವ ಬದಲಿ ಲಿವರ್) ಹಾಕಿದಂತೆಯೇ?

ಅದೇ ತತ್ವ, ಸಣ್ಣ ಪ್ರಮಾಣದಲ್ಲಿ. ಲಿವರ್ ತಿರುಗುವ ಕೀಲಿನಿಂದ ನಾಬ್‌ನ ನಡುವಿಗೆ 300 ಮಿಲಿಮೀಟರ್ ಇದೆ, ಒಂದರಿಂದ ಎರಡಕ್ಕೆ ಕೈ 90 ಮಿಲಿಮೀಟರ್ ಓಡುತ್ತದೆ ಎಂದುಕೊಳ್ಳಿ. ನಾಬ್ 30 ಮಿಲಿಮೀಟರ್ ಕೆಳಗೆ ಕೂತರೆ ಓಟ 81ಕ್ಕೆ ಇಳಿಯುತ್ತದೆ, ಹಾಕಬೇಕಾದ ಬಲ ಶೇಕಡಾ 11ರಷ್ಟು ಏರುತ್ತದೆ. ದೂರ ಉಳಿಸಿದ್ದನ್ನು ಬಲದಲ್ಲಿ ತೆರಬೇಕು. ಎಕ್ಸ್‌ಟೆಂಡರ್ ಹಾಕಿ ನಾಬ್ ಎತ್ತರಿಸಿದರೆ ಇದರ ತಿರುಗುಮುರುಗು.

ಲೋಹವೋ, ಚರ್ಮವೋ, ಮರವೋ?

ಕಾರು ಬಿಸಿಲಲ್ಲಿ ನಿಲ್ಲುವುದಾದರೆ ಬರೀ ಲೋಹದ್ದು ಬೇಡ. ಲೋಹ ಬೇರೆ ವಸ್ತುಗಳಿಗಿಂತ ಹೆಚ್ಚು ಬಿಸಿಯಾಗುತ್ತದೆ ಎಂದಲ್ಲ, ತನ್ನಲ್ಲಿರುವ ಬಿಸಿಯನ್ನು ಅಂಗೈಗೆ ಥಟ್ಟನೆ ದಾಟಿಸುತ್ತದೆ. ಚಳಿಯಲ್ಲಿ ಅದೇ ವೇಗದಲ್ಲಿ ಅಂಗೈಯ ಬಿಸಿ ಕಸಿಯುತ್ತದೆ. ಚರ್ಮ ಹಿತ, ಆದರೆ ಬೆವರಿಗೆ ಹೊಲಿಗೆಯ ಸಾಲು ಮೊದಲು ಕಪ್ಪಾಗುತ್ತದೆ. ಉಂಗುರ ತೊಡುವವರು ಮರದ ಪಾಲಿಶ್ ಮೇಲೆ ಗೀರು ಬೀಳುವುದಕ್ಕೆ ಸಿದ್ಧರಿರಬೇಕು. ಅಸಿಟಾಲ್ ನೋಡಲು ಸಪ್ಪೆ, ಬಳಸಲು ಎಲ್ಲಕ್ಕಿಂತ ಒಳ್ಳೆಯದು ಎಂದು ನನ್ನ ಅನಿಸಿಕೆ.

ದೀಪ ಹೊತ್ತುವ ನಾಬ್?

ಓಡಾಡುವ ಲಿವರಿಗೆ ವೈರ್ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಬಗ್ಗಿ ಬಗ್ಗಿ ಒಂದು ದಿನ ಅದು ತುಂಡಾಗುತ್ತದೆ ಇಲ್ಲವೇ ಸಿಪ್ಪೆ ಸುಲಿದು ಲೋಹಕ್ಕೆ ತಾಗುತ್ತದೆ.

ಹಾಕಿದ ಮೇಲೆ ಒಂದು ವೇಗದಲ್ಲಿ ಗುಂಯ್ ಎಂಬ ಸದ್ದು ಬರುತ್ತಿದೆ.

ಕಾರ್ಖಾನೆಯಿಂದ ಬರುವ ಎಷ್ಟೋ ನಾಬ್‌ಗಳೊಳಗೆ ಕಂಪನ ನುಂಗುವ ರಬ್ಬರ್ ಇರುತ್ತದೆ. ಗಟ್ಟಿ ಲೋಹದ ನಾಬ್‌ನಲ್ಲಿ ಅದಿಲ್ಲ. ಜೊತೆಗೆ ತುದಿಯ ಭಾರ ಬದಲಾದ ಮೇಲೆ ಲಿವರ್ ನಡುಗುವ ಲಯವೂ ಬದಲಾಗುತ್ತದೆ. ಸದ್ದು ಬಂದಾಗ ನಾಬ್ ಮೇಲೆ ಬೆರಳಿಟ್ಟು ನೋಡಿ. ನಿಂತರೆ ಮೊದಲು ಥ್ರೆಡ್ ಸಡಿಲವಿದೆಯೇ ಪರೀಕ್ಷಿಸಿ, ಟೆಫ್ಲಾನ್ ಟೇಪ್ ಸುತ್ತಿ, ಲಾಕ್ ನಟ್ ಬಿಗಿಯಿರಿ. ನಿಲ್ಲದಿದ್ದರೆ ಸದ್ದು ಬೇರೆ ಕಡೆಯದು.

ಹಾಗೆಂದು ಸದ್ದು ನಿಲ್ಲಿಸಲು ಸದಾ ಕೈ ಇಟ್ಟುಕೊಂಡೇ ಓಡಿಸಬೇಡಿ. ಕೈಯ ಭಾರ ಲಿವರ್ ಮೂಲಕ ಗೇರ್‌ಬಾಕ್ಸ್ ಒಳಗೆ ಗೇರ್ ಸರಿಸುವ ಕವಲಿಗೆ (ಫೋರ್ಕ್‌ಗೆ) ಹೋಗಿ, ಅದು ಹಿಡಿದಿರುವ, ತಿರುಗುತ್ತಿರುವ ಬಳೆಗೆ (ಸ್ಲೀವ್‌ಗೆ) ಉಜ್ಜುತ್ತಾ ಸವೆಯುತ್ತದೆ. ಹೊಸ ನಾಬ್ ಹಾಕಿದವರಿಗೆಲ್ಲ ಮೊದಲ ತಿಂಗಳು ಈ ಚಟ ಇರುತ್ತದೆ.

ಕಾನೂನಿನ ತೊಂದರೆ ಏನಾದರೂ ಇದೆಯೇ?

ದೇಶಕ್ಕೊಂದು ನಿಯಮ, ನಿಮ್ಮಲ್ಲಿಯದನ್ನು ನೋಡಿಕೊಳ್ಳಿ. ಎರಡು ವಿಷಯ ಮಾತ್ರ ಎಲ್ಲಿದ್ದರೂ ನೆನಪಿರಲಿ. ಒಂದು, ಗೇರ್ ಪ್ಯಾಟರ್ನ್, ಅಂದರೆ ಯಾವ ಗೇರ್ ಎಲ್ಲಿದೆ ಎಂದು ತೋರಿಸುವ ಚಿತ್ರ, ಕಾಣುವಂತಿರಬೇಕು. ಅಮೆರಿಕದ ವಾಹನ ಸುರಕ್ಷತಾ ಮಾನದಂಡ 102 ಮ್ಯಾನುಯಲ್ ಕಾರುಗಳ ಪ್ಯಾಟರ್ನ್ ಚಾಲಕನ ಕಣ್ಣೆದುರಿಗೇ ಇರಬೇಕು ಎನ್ನುತ್ತದೆ. ಬೋಳು ನಾಬ್ ಹಾಕಿದರೆ ಪಕ್ಕದಲ್ಲೊಂದು ಸ್ಟಿಕ್ಕರ್ ಅಂಟಿಸಿ, ಕಾರು ಬೇರೆಯವರೂ ಓಡಿಸುತ್ತಾರೆ. ಎರಡು, ಚೂಪು ಅಂಚು ಇರಬಾರದು. ಕಾರಿನ ಒಳಭಾಗಗಳ ಬಗೆಗಿನ ವಿಶ್ವಸಂಸ್ಥೆಯ ನಿಯಮಾವಳಿ 21 ಇರುವುದೇ ಅಪಘಾತದಲ್ಲಿ ಮೈ ಬಡಿಯುವ ಚೂಪು ಅಂಚು, ಮೊನೆಗಳ ಸಲುವಾಗಿ. ಕತ್ತಿಯ ಹಿಡಿ, ತಲೆಬುರುಡೆ, ಕೊಂಬು ಇತ್ಯಾದಿ ಆಕಾರದ ನಾಬ್‌ಗಳನ್ನು ಕಪಾಟಿನಲ್ಲಿಡಿ.

ಹಳೆಯ ನಾಬ್ ಎಸೆಯಬಹುದಾ?

ಇಟ್ಟುಕೊಳ್ಳಿ. ಕಾರು ಮಾರುವಾಗ, ಸರ್ವಿಸ್‌ಗೆ ಬಿಡುವಾಗ, ಹೊಸದರ ಮೇಲಿನ ಮೋಹ ಇಳಿದಾಗ ಬೇಕಾಗುತ್ತದೆ.

ಓಡಿಸುವಾಗ ನಾಬ್ ಕೈಗೇ ಬಂದರೆ ಏನು ಮಾಡಬೇಕು?

ಮೊದಲು ಅದನ್ನು ಪಕ್ಕದ ಸೀಟಿನ ಮೇಲೆ ಹಾಕಿ. ಕಾಲಬಳಿ ಬಿಡಬೇಡಿ, ಉರುಳಿಕೊಂಡು ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ನಿಜವಾದ ಅಪಾಯ ಅದು. ಕಣ್ಣು ರಸ್ತೆಯ ಮೇಲೇ ಇರಲಿ, ನಾಬ್ ನೋಡಬೇಡಿ. ರಾಡ್ ಇನ್ನೂ ಇದ್ದಲ್ಲೇ ಇದೆ, ಗೇರ್‌ಬಾಕ್ಸ್‌ಗೂ ಏನೂ ಆಗಿಲ್ಲ. ಬ್ರೇಕ್ ಒತ್ತಿ ವೇಗ ಇಳಿಸಿ, ಕ್ಲಚ್ ತುಳಿದು ರಾಡಿನ ನಡುಭಾಗವನ್ನೇ ಹಿಡಿದು ಬೇಕಾದ ಗೇರ್ ಹಾಕಿ. ತುದಿಯನ್ನು ಅಂಗೈಯಿಂದ ತಳ್ಳಬೇಡಿ, ಥ್ರೆಡ್ ಗರಗಸದಂತಿರುತ್ತದೆ. ಜಾಗ ಸಿಕ್ಕಾಗ ಪಕ್ಕಕ್ಕೆ ನಿಲ್ಲಿಸಿ ನಾಬನ್ನು ಕೈಯಲ್ಲೇ ತಿರುಗಿಸಿ ಹಾಕಿಕೊಂಡು ಮನೆ ಸೇರಿ. ಅಲ್ಲಿ ಬಿಚ್ಚಿ, ರಾಡಿನ ಥ್ರೆಡ್ ಮೇಲೆ ಬೆಳಕು ಬಿಟ್ಟು ನೋಡಿ. ಹಲ್ಲುಗಳು ಚೂಪಾಗಿದ್ದರೆ ಬರೀ ಸಡಿಲವಾಗಿತ್ತು. ತುದಿ ಮೊಂಡಾಗಿ, ಸಂದಿನಲ್ಲಿ ಲೋಹದ ಹುಡಿ ಹೊಳೆಯುತ್ತಿದ್ದರೆ ಪಿಚ್ ಮೊದಲಿನಿಂದಲೇ ತಪ್ಪಿತ್ತು.